ರಾಚವ್ವನ ಕೌದಿಯ ಕೊನೆಯ ಮೂಲೆ

"ಯಾರ್ರೀ ಇದನ್ನ ಹೊಲದವ್ರು? ಯಾರು ಹೇಳಿದ್ರು ನಿಮಗ?!"

೧೯೫೪ರ ಒಂದು ಬೆಳಿಗ್ಗೆ ಮಾಟುಂಗ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ರಾಚವ್ವ ಕೂಗಿದ ಕೂಗಿಗೆ, ಓಡುತ್ತಿದ್ದ ಜನವೂ ಒಂದು ಕ್ಷಣ ನಿಂತಿತು.

ಎದುರಿಗಿದ್ದ ಚೆನ್ನಯ ಬೆಪ್ಪಾದ. ಉಡುಪಿ ಕಡೆಯವನು, ಸ್ಟೇಷನ್ ಪಕ್ಕದಲ್ಲೇ ಟೇಲರ್ ಅಂಗಡಿ. ನಿನ್ನೆ ನೂಕುನುಗ್ಗಲಿನಲ್ಲಿ ಅವಳ ಕೈಯಿಂದ ಜಾರಿದ ಗಂಟನ್ನು ಎತ್ತಿಟ್ಟು, ಕೊಡಲೆಂದೇ ಕಾದು ನಿಂತಿದ್ದ. ಒಳಗಿದ್ದದ್ದು ಕೌದಿ, ಹಳೇ ಸೀರೆಯ ತುಂಡುಗಳನ್ನು ಸೇರಿಸಿ ಕೈಯಲ್ಲೇ ಹೊಲಿದ ಹೊದಿಕೆ. ಒಂದು ಮೂಲೆ ಬಾಯಿ ಬಿಟ್ಟುಕೊಂಡಿತ್ತು. 'ಪಾಪ, ಪುರುಸೊತ್ತಾಗಿಲ್ಲ' ಎಂದು ಮಿಷನ್ನಿನಲ್ಲಿ ಹೊಲಿದೇಬಿಟ್ಟಿದ್ದ!

"ಉಪಕಾರ ಮಾಡಿದ್ದು ಮಾರಾಯ್ರೆ! ಅದಕ್ಕೂ ಬೈಗುಳವಾ?"

"ಭಾರೀ ಉಪಕಾರ! ಕೊನೀ ಮೂಲ್ಯಾಗ ಹೋಳಿಗಿ ತುಂಡು ಇಟ್ಟು ಹೊಲೀತೇವ್ರಿ ನಾವು. ಕೌದಿ ಹೊಟ್ಟಿ ತುಂಬಸಬೇಕು. ನೀವು ಉಪಾಸ ಕೆಡವಿ ಬಾಯಿ ಹೊಲದೀರಿ!"

ಸುಳ್ಳೇಕೆ, ರಾಚವ್ವ ಅಂಥ ಸುಂದರಿಯೇನಲ್ಲ. ಆದರೆ ಆ ಸಿಟ್ಟು, ಆ ತುಂಬಿದ ಕಣ್ಣು... ಚೆನ್ನಯನ ಎದೆ ಧಡಧಡ!

"ಮಗುವಿಗಾ... ಇದು?" ಹೆದರುತ್ತಲೇ ಕೇಳಿದ.

"ಯಾರ ಕೂಸು? ಲಗ್ನನ ಆಗಿಲ್ಲ ನಂದು! ಇದು ನನಗ. ರೊಟ್ಟಿ ಮನೀ ಮಂದಿಗೆ, ದುಡಿಮಿ ಮನೀ ಮಂದಿಗೆ. ಇದೊಂದ ನಂದು... ಅದಕ್ಕೂ ಕೈ ಹಾಕಿದ್ರಿ."

ನಿಜವೇ. ಠಾಣಾದ ಚಾಳಿನಲ್ಲಿ ನಲ್ಲಿ ನೀರು, ಅಪ್ಪ-ತಮ್ಮಂದಿರಿಗೆ ರೊಟ್ಟಿ. ಆಮೇಲೆ ಮಾಟುಂಗದ ಕಾರ್ಖಾನೆಯಲ್ಲಿ ಔಷಧಿ ಬಾಟಲಿ ಪ್ಯಾಕಿಂಗು. ಸಂಜೆ ಮತ್ತೆ ಒಲೆ. ಸೂಜಿ ಹಿಡಿಯಲು ಸಿಗುತ್ತಿದ್ದದ್ದು ಪ್ಲಾಟ್‌ಫಾರ್ಮು, ಲೋಕಲ್ ರೈಲು, ಅಷ್ಟೇ. ಸೀಟು ಸಿಗದ ದಿನ ನಿಂತೇ ನಾಲ್ಕು ಹೊಲಿಗೆ. ಜ್ವರ ಬಂದರೂ ಬಿಟ್ಟವಳಲ್ಲ. ತಮ್ಮಂದಿರು ನಕ್ಕರು, ಜೊತೆಯವರು ನಕ್ಕರು... ಅವಳು ಹೊಲಿದಳು!

ಚೆನ್ನಯ ತಲೆ ತಗ್ಗಿಸಿದ. "ನಾಳೆ ಸಂಜೆ ಅಂಗಡಿಗೆ ತನ್ನಿ. ಬಿಚ್ಚಿ ಕೊಡ್ತೇನೆ."

"ಹಳೀ ಅರಿವಿ. ಹರದ್ರ?"

"ಹರಿದ್ರೆ ಇನ್ನೂ ಜೋರು ಬೈಯಿರಿ."

ನಗಬಾರದೆಂದುಕೊಂಡೇ ರಾಚವ್ವ ನಕ್ಕುಬಿಟ್ಟಳು!

ಮರುದಿನ ಡಬ್ಬಿಯಲ್ಲಿ ಹೋಳಿಗೆ ಹಿಡಿದೇ ಹೋದಳು. ಚೆನ್ನಯ ಉಸಿರು ಬಿಗಿಹಿಡಿದು ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಿದ. 'ಗಂಡಸರ ಬೆರಳು ಇಷ್ಟು ಮೆತ್ತಗಿರ್ತಾವೇನು?' ಎಂದು ಅವಳು ನೋಡುತ್ತಲೇ ಇದ್ದಳು.

ಮೂಲೆ ತೆರೆಯಿತು. ಅರಿವೆ ಒಂದೆಳೆಯೂ ಹರಿದಿರಲಿಲ್ಲ!

"ಬಿಟ್ಟಿತ್ರೀ! ಬಿಟ್ಟಿತು!" ಅವಳು ಚಪ್ಪಾಳೆ ತಟ್ಟಿದಳು.

"ಇನ್ನು ನೀವೇ ಹೊಲೀರಿ. ನಾನು ಬರೀ ಹಿಡ್ಕೊಳ್ತೇನೆ."

ಹೋಳಿಗೆಯ ತುಂಡು ಒಳಗೆ ಹೋಯಿತು. ಹೊಲಿಯುವಾಗ ಬೆರಳಿಗೆ ಬೆರಳು ತಾಗಿತು. ಬೇಕಂತಲೇ ಅಂತ ಹೇಳಲಾರೆ. ಆದರೆ ಇಬ್ಬರೂ ತೆಗೆಯಲಿಲ್ಲ.

"ಒಂದು ಮಾತು..." ಚೆನ್ನಯ ಮೂಲೆಯನ್ನು ಹಿಡಿದುಕೊಂಡೇ ಹೇಳಿದ. "ಪ್ಲಾಟ್‌ಫಾರ್ಮಿನಲ್ಲಿ ನೀವು ಹೊಲಿಯೋದನ್ನು ದಿನಾ ನೋಡ್ತಿದ್ದೆ. ಮಾತಾಡ್ಲಿಕ್ಕೆ ಧೈರ್ಯ ಇರ್ಲಿಲ್ಲ. ನನಗೆ ನಿಮ್ಮ ಮೇಲೆ... ಮನಸ್ಸಾಗಿದೆ. ಈಗ ಕೌದಿಯೂ ಮುಗೀತು. ಇನ್ನು ಅಂಗಡಿ ಕಡೆ ಬರ್ಲಿಕ್ಕಿಲ್ಲ ನೀವು, ಅಲ್ವಾ?"

ರಾಚವ್ವ ಹಲ್ಲಿನಿಂದ ದಾರ ಕಡಿದಳು. ಕೆನ್ನೆ ಕೆಂಪಾಗಿತ್ತು.

"ನಾಳಿಂದ ಇನ್ನೊಂದು ಸುರು ಮಾಡಾಕಿ ನಾನು. ಇದಕ್ಕಿಂತ ದೊಡ್ಡದು."

"ಎಷ್ಟು ದೊಡ್ಡದು?"

"ಇಬ್ಬರು ಹೊದಿಯೂವಷ್ಟು."

"ಇನ್ನೊಬ್ರು... ಯಾರು?"

"ಎದ್ದು ನಿಂದರ್ರಿ," ರಾಚವ್ವ ಅವನ ಕೊರಳಲ್ಲಿದ್ದ ಟೇಪನ್ನು ಎಳೆದುಕೊಂಡಳು. "ಉದ್ದ ನೋಡ್ತೇನಿ."