ಎಡಕ್ಕೆ ಎಳೆಯುತ್ತಿದ್ದ ಬೈಕ್

1987ರ ಮಾರ್ಚ್ 12, ಗುರುವಾರ. ಬೆಳಿಗ್ಗೆ 10.20ಕ್ಕೆ ಮುಂಬಯಿಯ ಪೂರ್ವ ಉಪನಗರದ ಒಂದು ಠಾಣೆಗೆ ದೂರು ಕೊಡಲು ಬಂದ ಹೆಂಗಸು ಅದೇ ಠಾಣೆಯ ದಾಖಲೆಯಲ್ಲಿ ಆರೋಪಿಯಾಗಿದ್ದಳು. ಹೆಸರು ಸುಮಿತ್ರಾ, ವಯಸ್ಸು ಇಪ್ಪತ್ತೊಂಬತ್ತು, ಫೋರ್ಟ್‌ನ ಬ್ಯಾಂಕೊಂದರಲ್ಲಿ ಕ್ಲರ್ಕ್, ವಾಸ ಘಾಟ್ಕೋಪರ್. ಎಡಗೈಗೆ ಪ್ಲಾಸ್ಟರ್ ಇತ್ತು.

ಮಾರ್ಚ್ 1ರಂದು ಬೆಳಿಗ್ಗೆ 7.40ಕ್ಕೆ ಪವಾಯಿ ಕೆರೆಯ ಇಳಿಜಾರಿನಲ್ಲಿ ಆಕೆ ಓಡಿಸುತ್ತಿದ್ದ ಬೈಕ್ ಉರುಳಿತ್ತು. ಹಿಂದೆ ಕುಳಿತಿದ್ದ ಆಕೆಯ ತಂದೆ ವೆಂಕಟಸುಬ್ಬಯ್ಯ ತಲೆಗೆ ಪೆಟ್ಟು ಬಿದ್ದು ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಓಡಿಸುತ್ತಿದ್ದವಳ ನಿರ್ಲಕ್ಷ್ಯವೇ ಸಾವಿಗೆ ಕಾರಣವೆಂದು 304-ಎ ಕಲಂನಡಿ ಎಫ್‌ಐಆರ್ ಆಗಿತ್ತು.

ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದಿದ್ದ ಇನ್‌ಸ್ಪೆಕ್ಟರ್ ಜಯಸಿಂಹ, ಮಾತುಂಗಾದಲ್ಲಿ ಬೆಳೆದ ಮೈಸೂರಿನವರು, ಕಡತ ತಿರುವಿ ಕೇಳಿದರು: "ಲೈಸೆನ್ಸ್ ಯಾವಾಗ ಬಂತು?"

"ಫೆಬ್ರವರಿ ಐದಕ್ಕೆ. ಹೊಸಬಳೇ ಸರ್, ಒಪ್ಕೋತೀನಿ. ಆದರೆ ಬೈಕು ಮೊದಲ ದಿನದಿಂದ ಎಡಕ್ಕೆ ಎಳೀತಿತ್ತು. ಶೋರೂಮಿಗೆ ಎರಡು ಸಲ ಹೋಗಿ ಹೇಳಿದೆ. 'ನಿಮ್ಮ ಕೈ ಇನ್ನೂ ಕೂತಿಲ್ಲ ಮೇಡಂ' ಅಂತ ನಕ್ಕು ಕಳಿಸಿದರು. ಅವತ್ತು ಇಳಿಜಾರಲ್ಲಿ ಟಕ್ ಅಂತ ಸದ್ದಾಯ್ತು, ಆಮೇಲೆ ಹ್ಯಾಂಡಲ್ ನನ್ನ ಕೈಲಿರಲಿಲ್ಲ. ಆಸ್ಪತ್ರೆಗೆ ಬಂದ ನಿಮ್ಮವರಿಗೂ ಇದನ್ನೇ ಹೇಳಿದೆ. ಒಂದಕ್ಷರ ಬರಕೊಳ್ಳಲಿಲ್ಲ."

"ಈಗ ಏನಾಗಬೇಕು?"

"ನನ್ನ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಪ್ಪನ್ನ ನಾನೇ ಕೊಂದೆ ಅಂತ ನಿಮ್ಮ ಕಾಗದ ಹೇಳುತ್ತೆ. ನಿಜವಾಗಿದ್ದರೆ ಜೈಲಿಗೆ ಹಾಕಿ. ಆದರೆ ಬೈಕನ್ನ ಒಂದು ಸಲ ನೋಡಿ, ಆಮೇಲೆ ಹಾಕಿ."

ಜಯಸಿಂಹ ಮೊದಲ ಪಂಚನಾಮೆ ಓದಿದರು. 'ಬ್ರೇಕ್ ಸರಿ. ಟೈರ್ ಸರಿ. ವಾಹನದಲ್ಲಿ ದೋಷವಿಲ್ಲ.' ಬರೆದವನು ಹೆಡ್ ಕಾನ್‌ಸ್ಟೆಬಲ್ ಕೊರಗಪ್ಪ, ಉಡುಪಿ ಕಡೆಯವನು.

"ಇದು ನೋಡಿ ಬರೆದದ್ದೋ, ಕೂತು ಬರೆದದ್ದೋ?"

ಕೊರಗಪ್ಪ ತಲೆ ತಗ್ಗಿಸಿದ. "ಕೂತೇ ಬರೆದದ್ದು ಸಾರ್. ಹೆಂಗಸು, ಹೊಸ ಲೈಸೆನ್ಸು. ಮತ್ತೆ ನೋಡ್ಲಿಕ್ಕೆ ಎಂತ ಉಂಟು ಅಂತ..."

"ನಿನ್ನ ಆಲಸ್ಯಕ್ಕೆ ಅವಳು ಒಂಬತ್ತು ದಿನದಿಂದ ಕೊಲೆಗಾರ್ತಿ. ನಡಿ ಹೊರಗೆ."

ಬೈಕ್ ಠಾಣೆಯ ಹಿಂಬದಿಯ ಗೋಡೆಗೆ ಒರಗಿತ್ತು. ನೂರು ಸಿಸಿಯ ಹಗುರ ಗಾಡಿ. ಅಗಲ ಹ್ಯಾಂಡಲ್, ಎತ್ತರದ ಸೀಟು, ಚಕ್ರದಿಂದ ಮೇಲಕ್ಕೆದ್ದ ಮಡ್‌ಗಾರ್ಡ್. ಹೊಸದಾಗಿ ಕಲಿಯುವವರಿಗೂ ಪೇಟೆಯ ಗಲ್ಲಿಗೂ ಹೇಳಿ ಮಾಡಿಸಿದ್ದು ಎಂದು ಜಾಹೀರಾತು ಸಾರುತ್ತಿದ್ದ ಮಾದರಿ. ಮಧ್ಯಾಹ್ನ 2.15ಕ್ಕೆ ಆರ್‌ಟಿಓದ ಮೋಟಾರು ವಾಹನ ನಿರೀಕ್ಷಕರು ಬಂದರು. ಇಬ್ಬರು ಪಂಚರ ಎದುರು ಟ್ಯಾಂಕ್ ಬಿಚ್ಚಲಾಯಿತು.

ಮಂಡಿಯೂರಿದ್ದ ಕೊರಗಪ್ಪನೇ ಮೊದಲು ಕಂಡ. "ಇಲ್ಲೊಂದು ಗೆರೆ ಉಂಟು ಸಾರ್."

ಹ್ಯಾಂಡಲ್ ಕೂರುವ ಜಾಗದ ಹತ್ತಿರ ಚಾಸಿ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟು, ಸೀಳಿತ್ತು. ಸೀಳಿದ್ದು ಹಳೆಯ ಬೆಸುಗೆಯ ಮೇಲೆ. ಬೆಸುಗೆಯ ಮೇಲೆ ಹೊಸ ಕೆಂಪು ಬಣ್ಣ, ಅದರ ಅಂಚಿನಡಿ ಸುಟ್ಟುಹೋದ ಕಂಪನಿಯ ಬಣ್ಣ. ಅಪಘಾತಕ್ಕೆ ಮೊದಲೇ ಮುರಿದು ಬೆಸೆದದ್ದೆಂದು ನಿರೀಕ್ಷಕರು ಬರೆದುಕೊಟ್ಟರು. ಜನವರಿ 27ರಂದು ಹೊಚ್ಚಹೊಸದೆಂದು ಕೈಗಿತ್ತ ಬೈಕು ಅದು.

ಮರುದಿನ ಕೊರಗಪ್ಪ ಯಾರೂ ಹೇಳದೆಯೇ ಬೆಳಿಗ್ಗೆ ಎಂಟಕ್ಕೆ ಹೊರಟು, ಶೋರೂಮಿನ ಸುತ್ತಲಿನ ಹನ್ನೊಂದು ವೆಲ್ಡಿಂಗ್ ಅಂಗಡಿ ತಿರುಗಿದ. ಹನ್ನೆರಡನೆಯದರಲ್ಲಿ ಕಲಬುರಗಿ ಕಡೆಯ ದಾನಪ್ಪ ಸಿಕ್ಕ. ಸಂಜೆ 4.30ಕ್ಕೆ ಅವನ ಹೇಳಿಕೆ ಪಡೆಯಲಾಯಿತು.

"ಈ ಬೆಸುಗೆ ನಿನ್ನದಾ?" ಜಯಸಿಂಹ ಕೇಳಿದರು.

"ನಂದ ರೀ ಸಾಹೇಬ್ರ. ಜನವರಿ ಸಂಕ್ರಾಂತಿ ಮುಂದ. ಹೊಸಾ ಗಾಡಿ, ಸೀಟಿನ ಪ್ಲಾಸ್ಟಿಕ್ ಸುದ್ದಾ ತೆಗೆದಿದ್ದಿಲ್ಲ."

"ತಂದವರು?"

"ಮ್ಯಾನೇಜರ್ ಗುರಲಿಂಗಪ್ಪನೋರು. ಇಬ್ಬರು ಕೂತ್ರ ಇದು ತಡೀದಿಲ್ಲ ಅಂತ ಆಗಲೇ ಹೇಳಿದ್ನಿ. 'ಮಾರೂದಲ್ಲ, ಇಟ್ಕೊಳ್ಳೂದು' ಅಂದ್ರು."

ಮಾರ್ಚ್ 14, ಬೆಳಿಗ್ಗೆ 11ಕ್ಕೆ ಶೋರೂಮಿನ ಗೇಟ್ ರಿಜಿಸ್ಟರ್ ಜಪ್ತಿಯಾಯಿತು. ಅದೇ ಚಾಸಿ ನಂಬರಿನ ಗಾಡಿ ಜನವರಿ 11ರ ಭಾನುವಾರ 'ಟ್ರಯಲ್'ಗೆಂದು ಹೊರಹೋಗಿತ್ತು. ಹೊರಗೆ ಒಯ್ದವನ ಸಹಿ ಗುರಲಿಂಗಪ್ಪನದು. ವಾಪಸು ಬಂದ ಕಾಲಂ ಖಾಲಿ.

ಠಾಣೆಗೆ ಕರೆತಂದ ಗುರಲಿಂಗಪ್ಪ ಮೂವತ್ತಾರರವ, ಅಚ್ಚುಕಟ್ಟಾದ ಟೈ. "ಹೊಸಾ ರೈಡರ್ ಸಾಹೇಬ್ರ, ಅದರಾಗ ಲೇಡೀಸ್. ಬ್ಯಾಲೆನ್ಸ್ ತಪ್ಪಿರಬೇಕು."

ಜಯಸಿಂಹರ ಕೈ ಮೇಜಿಗೆ ಬಡಿಯಿತು. "ಆ ಮಾತು ಎರಡು ವಾರ ನಡೀತು. ಇನ್ನು ನಡೆಯಲ್ಲ. ಇದು ವೆಲ್ಡರ್ ಹೇಳಿಕೆ, ಇದು ನಿನ್ನ ಸಹಿ. ಜನವರಿ ಹನ್ನೊಂದಕ್ಕೆ ಎಲ್ಲಿಗೆ ಹೋಗಿದ್ದೆ?"

ಗುರಲಿಂಗಪ್ಪ ರಿಜಿಸ್ಟರನ್ನು ದೂರ ಸರಿಸಿದ. "ಪವಾಯಿ. ಕ್ವಾರಿ ಹಿಂದ."

"ಏನು ಮಾಡೋಕೆ?"

"ಹಾರಿಸಾಕ. ಫಾರಿನ್ ಮ್ಯಾಗಜಿನ್‌ದಾಗ ಇಂಥಾ ಗಾಡಿ ಮಣ್ಣಿನ ದಿಬ್ಬ ಹಾರತಾವ್ರಿ. ಹಾರಿಸಿದೆ. ಬಿದ್ದೆ."

"ಮಾಲೀಕರಿಗೆ ಯಾಕೆ ಹೇಳಲಿಲ್ಲ?"

"ಅಲ್ಲೇ ಕಸಾ ಹೊಡದು ಮ್ಯಾಲೆ ಬಂದಾವ ನಾ. ಹನ್ನೊಂದು ವರ್ಷ ಆತು. ಹೇಳಿದ್ರ ಅವತ್ತ ಹೊರಗ ಹಾಕತಿದ್ರು."

"ಬುಕ್ ಮಾಡಿ ಕಾಯುತ್ತಿದ್ದವರು ನಲವತ್ತು ಜನ. ಅವಳಿಗೇ ಯಾಕೆ ಕೊಟ್ಟೆ?"

ಗುರಲಿಂಗಪ್ಪ ಟೈ ಸಡಿಲಿಸಿದ. "ಓಡಿಸಿ ಗೊತ್ತಿದ್ದವರು ಒಂದು ಸುತ್ತಿನಾಗ ದೋಷ ಹಿಡೀತಿದ್ರು. ಹೊಸಬರಾದ್ರ... ಗಾಡಿ ಎಳದ್ರೂ ತಮ್ಮ ಕೈ ಸರಿ ಇಲ್ಲ ಅನ್ಕೋತಾರ. ಬಿದ್ರ ತಮ್ಮನ್ನ ತಾವ ಬೈಕೋತಾರ."

ಕೋಣೆಯಲ್ಲಿ ಬರೆಯುತ್ತಿದ್ದ ಕೊರಗಪ್ಪನ ಪೆನ್ನು ನಿಂತಿತು. "ಬರಿ," ಎಂದರು ಜಯಸಿಂಹ. "ಒಂದಕ್ಷರ ಬಿಡಬೇಡ."

ಮಧ್ಯಾಹ್ನ 1.10ಕ್ಕೆ ವಂಚನೆ ಮತ್ತು ಕೊಲೆಯಲ್ಲದ ಮಾನವಹತ್ಯೆಯ ಆರೋಪದ ಮೇಲೆ ಗುರಲಿಂಗಪ್ಪನ ಬಂಧನವಾಯಿತು. ಸುಮಿತ್ರಾಳ ಮೇಲಿನ ಪ್ರಕರಣ ಕೈಬಿಡುವಂತೆ ಅಂದೇ ನ್ಯಾಯಾಲಯಕ್ಕೆ ವರದಿ ಹೋಯಿತು. ಅದರ ನಕಲನ್ನು ಕೊರಗಪ್ಪನೇ ಘಾಟ್ಕೋಪರ್‌ಗೆ ಒಯ್ದು ಕೊಟ್ಟ. ಬಾಗಿಲು ತೆರೆದದ್ದು ಅವಳ ಅಣ್ಣ. ಅವನು ನಿಂತಲ್ಲೇ ಎರಡು ಸಲ ಓದಿದ. ಆಮೇಲೆ ಒಳಗೆ ತಂಗಿಯ ಹೆಸರು ಹಿಡಿದು ಕರೆಯುವುದು ಕೇಳಿಸಿತು.

ಗುರಲಿಂಗಪ್ಪ ಕ್ರೂರಿಯಾಗಿರಲಿಲ್ಲ ಎಂದು ಅವನ ಕೈಕೆಳಗಿನವರೆಲ್ಲ ಸಾಕ್ಷ್ಯದಲ್ಲಿ ಹೇಳಿದರು. ಕಷ್ಟಪಟ್ಟು ಏರಿದ ಕುರ್ಚಿಯಿಂದ ಮತ್ತೆ ಪೊರಕೆಗೆ ಇಳಿಯುವ ಭಯವೊಂದೇ ಅವನನ್ನು ಓಡಿಸಿತ್ತು. ಆ ಭಯವನ್ನು ಹೊರಲು ಅವನು ಹುಡುಕಿದ್ದು, ತನ್ನ ಮೇಲೆ ತನಗೇ ಇನ್ನೂ ನಂಬಿಕೆ ಬಂದಿರದ ಒಬ್ಬಳನ್ನು.