ಉದ್ದ ಕಿವಿಯ ಕುದುರೆ

ಕಾಗೆಗಳು ಇನ್ನೂ ಕಪ್ಪಾಗಿರದಿದ್ದ ಕಾಲದಲ್ಲಿ, ಏಳು ಬೆಟ್ಟಗಳ ನಡುವೆ ನೀಲಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹಚ್ಚೆ ಇಲ್ಲದ ಮೈ ಒಂದೂ ಇರಲಿಲ್ಲ. ಅರಸನ ಎದೆಯ ಮೇಲೆ ಹುಲಿ, ಅಗಸನ ತೋಳಿನ ಮೇಲೆ ಮೀನು, ಹೊಸ ಮದುವಣಗಿತ್ತಿಯ ಮುಂಗೈ ಮೇಲೆ ಗಂಡನ ಹೆಸರು. ಆ ನೆಲದ ಮಾಯೆ ಏನೆಂದರೆ, ಹಚ್ಚೆಯಾಗಿ ಮೈಗೆ ಇಳಿದದ್ದು ಮನಸ್ಸಿನಿಂದ ಎಂದೂ ಅಳಿಯುತ್ತಿರಲಿಲ್ಲ.

ಹಚ್ಚೆ ಹಾಕುವವಳು ಬೋರಜ್ಜಿ. ಅವಳಿಗೊಂದು ಕಟ್ಟುಪಾಡು ಇತ್ತು. ಸೂಜಿ ಮುಟ್ಟುವ ಮೊದಲು ಎದುರಿಗೆ ಕೂತವರನ್ನು ಮೂರು ಸಲ ಕೇಳುತ್ತಿದ್ದಳು: "ಹಾಕ್ಲಾ?" ಮೂರು ಸಲವೂ "ಹಾಕು" ಅನ್ನಬೇಕು. ಒಂದು ಸಲ ತಡವರಿಸಿದರೂ ಸೂಜಿ ಕಟ್ಟಿಟ್ಟು ಎದ್ದುಬಿಡುತ್ತಿದ್ದಳು. ಎದುರಿಗೆ ಅರಸನೇ ಕೂತಿದ್ದರೂ ಅಷ್ಟೆ.

ಬೋರಜ್ಜಿಗೆ ತಾಯಿ ಇಲ್ಲದ ಇಬ್ಬರು ಮೊಮ್ಮಕ್ಕಳಿದ್ದರು. ದೊಡ್ಡವಳು ತಾಯಕ್ಕ, ಚಿಕ್ಕವಳು ಈರಿ. ತಾಯಿ ಸತ್ತ ದಿನ ತೊಟ್ಟಿಲ ಕೂಸಾಗಿದ್ದ ಈರಿಯನ್ನು ಮಡಿಲಿಗೆ ಹಾಕಿಕೊಂಡು ತಾಯಕ್ಕ ಅಜ್ಜಿಯ ಮುಂದೆ ಕೈ ಚಾಚಿದ್ದಳು. "ಇವಳಿಗೆ ಅಂತ ಒಂದು ಗುಬ್ಬಿ ಹಾಕಜ್ಜಿ," ಅಂದಿದ್ದಳು. ಆಗ ಅವಳೇ ಏಳು ವರ್ಷದ ಹುಡುಗಿ. ನೋವಾದರೂ ತುಟಿ ಪಿಟಕ್ಕೆನ್ನಲಿಲ್ಲ.

ಈರಿಯ ಹಚ್ಚೆಯ ಕತೆ ಬೇರೆ. ಹತ್ತು ತುಂಬಿದಾಗ ಅವಳು ಕುದುರೆ ಬೇಕೆಂದು ಹಟ ಹಿಡಿದಳು. ಮೂರು ಸಲ "ಹಾಕು, ಹಾಕು, ಹಾಕು" ಅಂದಳು. ಕಾಲು, ಬಾಲ, ಬೆನ್ನು ಎಲ್ಲ ಚೆನ್ನಾಗಿಯೇ ಬಂತು. ಕಿವಿಯ ಸರದಿ ಬಂದಾಗ ಈರಿಯ ಕಣ್ಣಲ್ಲಿ ನೀರು ತುಂಬಿತು. ತಂಗಿ ಅಳಬಾರದೆಂದು ತಾಯಕ್ಕ ಅಜ್ಜಿಯ ಬೆನ್ನ ಹಿಂದೆ ನಿಂತು, ಮೂಗನ್ನು ಮೇಲೆತ್ತಿ, ಕಣ್ಣನ್ನು ಮೆಳ್ಳೆ ಮಾಡಿ, ನಾಲಿಗೆ ಹೊರಚಾಚಿದಳು. ಈರಿ ಕಿಸಕ್ಕನೆ ನಕ್ಕಳು. ತೋಳು ಅಲುಗಿತು. ಸೂಜಿ ಎರಡು ಸಲ ಉದ್ದಕ್ಕೆ ಎಳೆದುಕೊಂಡು ಹೋಯಿತು. ಕುದುರೆ ಆಗಬೇಕಿದ್ದದ್ದು ಕತ್ತೆಯಾಗಿ ಕೂತಿತು.

ಅಂದಿನಿಂದ ಊರಿಗೆ ಅವಳು ಕತ್ತೆ ಈರಿ. ಬೇಸಗೆಯ ಧಗೆಯಲ್ಲೂ ಅವಳು ಉದ್ದ ತೋಳಿನ ಕುಪ್ಪಸ ಬಿಡಲಿಲ್ಲ. "ಯಾಕಾದ್ರೂ ಹಾಕಿಸ್ಕೊಂಡೆನೋ" ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದಳು. ಮನೆಯಲ್ಲಿ ಗೊಣಗಿದ್ದರಿಂದ ಏನೂ ಕೆಡಲಿಲ್ಲ. ಅದೇ ಮಾತನ್ನು ಸುಣ್ಣದ ಬೆಟ್ಟದಲ್ಲಿ ಆಡಿದ್ದರೆ ಆಗಲೇ ಮುಗಿದುಹೋಗುತ್ತಿತ್ತು.

ಸುಣ್ಣದ ಬೆಟ್ಟದಲ್ಲಿ ಧವಳನೆಂಬ ಮಾಂತ್ರಿಕ ಬಂದು ನೆಲೆಸಿದ್ದ. ಹಚ್ಚೆ ಬೇಡವಾದವರು ತನ್ನ ಬಳಿಗೆ ಬರಲಿ ಎಂದು ಡಂಗುರ ಹೊಡೆಸಿದ. ಬೆಟ್ಟದ ದಾರಿಯಲ್ಲಿ ಮೂರು ಬಾಗಿಲು. ಒಂದೊಂದು ಬಾಗಿಲಲ್ಲೂ "ಯಾಕಾದರೂ ಹಾಕಿಸಿಕೊಂಡೆನೋ" ಎಂದು ಒಂದು ಸಲ ಹೇಳಿದರೆ ಬಾಗಿಲು ತೆರೆಯುತ್ತದೆ. ಮೂರನೆಯ ಸಲಕ್ಕೆ ಹಚ್ಚೆ ಮೈಬಿಟ್ಟು ಉದುರುತ್ತದೆ. ಧವಳ ಬಾಯಿಬಿಡದ ಮಾತೊಂದಿತ್ತು. ಜನ ಯಾವುದೋ ಒಂದು ಹಚ್ಚೆಗೆಂದು ಹೇಳುತ್ತಿದ್ದರು. ಉದುರುತ್ತಿದ್ದದ್ದು ಮೈಮೇಲಿದ್ದ ಎಲ್ಲ ಹಚ್ಚೆ. ಹಚ್ಚೆಯ ಜೊತೆಗೆ ಅದು ಹಿಡಿದಿಟ್ಟಿದ್ದ ನೆನಪೂ ಹೋಗುತ್ತಿತ್ತು. ನೆನಪು ಹೋದವರು ಧವಳನ ಸುಣ್ಣದ ಕಲ್ಲು ಕುಟ್ಟುತ್ತಾ ಅಲ್ಲೇ ಉಳಿಯುತ್ತಿದ್ದರು.

ಮೊದಲು ಹೋದವನು ಅರಸನೇ. ಹೊಟ್ಟೆ ಬಂದು ಎದೆಯ ಹುಲಿ ಎಮ್ಮೆಯ ಹಾಗೆ ಊದಿಕೊಂಡಿತ್ತೆಂದು ಅವನಿಗೆ ನಾಚಿಕೆ. ಹುಲಿ ಹೋಯಿತು, ತಾನು ಅರಸನೆಂಬುದೂ ಹೋಯಿತು. ಮಂತ್ರಿಗಳು ಹೇಗೋ ಎಳೆದು ತಂದರೆ, ಅವನು ಅರಮನೆಯ ತೋಟದಲ್ಲಿ ಚಿಟ್ಟೆ ಹಿಡಿಯುತ್ತಾ ಕಾಲ ಕಳೆಯುತ್ತಿದ್ದ. ಇನ್ನು ಮಾಂತ್ರಿಕನ ಮೇಲೆ ದಂಡು ಕಳಿಸುವವರು ಯಾರು?

ಆ ವರ್ಷವೇ ತಾಯಕ್ಕನಿಗೆ ಮದುವೆ ಗೊತ್ತಾಗಿತ್ತು. ಚಿನ್ನಪ್ಪನೆಂಬ ಸರದಾರ ಬಂದು ಒಪ್ಪಿದ, ವೀಳ್ಯ ಕೊಟ್ಟ, ಅವಳ ಕೈಮೇಲೆ ತನ್ನ ಹೆಸರನ್ನೂ ಹಾಕಿಸಿದ. ಮದುವೆಗೆ ಎಂಟು ದಿನ ಇರುವಾಗ ಕೈಕೊಟ್ಟು, ಪಕ್ಕದ ರಾಜ್ಯದ ಸಾಹುಕಾರನ ಮಗಳ ಕೈಹಿಡಿದ. ಹೆಸರು ಮಾತ್ರ ಹೋಗಲಿಲ್ಲ. ನೀರು ಸೇದುವಾಗ, ಹಿಟ್ಟು ಕಲಸುವಾಗ, ತಲೆ ಬಾಚುವಾಗ ಕಣ್ಣೆದುರಿಗೇ ಚಿನ್ನಪ್ಪ. ತಾಯಕ್ಕ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಸುಣ್ಣದ ಬೆಟ್ಟಕ್ಕೆ ಹೊರಟುಹೋದಳು.

ಈರಿ ಹುಡುಕುತ್ತಾ ಓಡಿದಳು. ಬೆಟ್ಟದ ಬುಡದಲ್ಲಿ ಅಕ್ಕ ಬುಟ್ಟಿ ತುಂಬ ಸುಣ್ಣದ ಕಲ್ಲು ಹೊತ್ತು ಬರುತ್ತಿದ್ದಳು. ಅವಳ ಕೈ ತೊಳೆದ ತಟ್ಟೆಯ ಹಾಗೆ ಬೋಳಾಗಿತ್ತು. ಚಿನ್ನಪ್ಪನೂ ಇಲ್ಲ, ಗುಬ್ಬಿಯೂ ಇಲ್ಲ.

"ಅಕ್ಕಾ!" ಎಂದು ಈರಿ ಕೂಗಿದಳು.

ತಾಯಕ್ಕ ಬುಟ್ಟಿ ಸರಿಮಾಡಿಕೊಂಡು ಅವಳನ್ನು ನೋಡಿದಳು. "ಯಾರವ್ವ ನೀನು?" ಅಂದಳು.

ಈರಿಯನ್ನು ಹೊತ್ತು ಬೆಳೆಸಿದವಳು, ತುತ್ತಿಟ್ಟವಳು, ಜ್ವರ ಬಂದಾಗ ಕಾಲ ಬಳಿ ಕೂತವಳು ಕೇಳುತ್ತಿದ್ದಾಳೆ, ಯಾರವ್ವ ನೀನು ಎಂದು. ಈರಿ ಅಲ್ಲಿ ಅಳಲಿಲ್ಲ. ನೇರವಾಗಿ ಮನೆಗೆ ಬಂದು ಅಜ್ಜಿಯ ಸೂಜಿಕಟ್ಟು, ಮಸಿಯ ಕರಟ ಎತ್ತಿಕೊಂಡಳು.

"ಎಲ್ಲಿಗೆ?" ಬೋರಜ್ಜಿ ಕೇಳಿದಳು.

"ಅಕ್ಕನ ಗುಬ್ಬಿ ತರೋಕೆ."

"ಎರಡು ಬಾಗಿಲು ದಾಟಬಹುದು. ಮೂರನೇದರಲ್ಲಿ ಆ ಮಾತಾಡಿದ್ಯೋ, ಯಾಕೆ ಬಂದೆ ಅನ್ನೋದೂ ಮರೆತುಹೋಗುತ್ತೆ. ಆಡದೆ ಇದ್ರೆ ಬಾಗಿಲು ತೆಗೆಯಲ್ಲ. ಏನ್ ಮಾಡ್ತೀಯ?"

"ಮೂರನೇ ಬಾಗಿಲ ಹತ್ರ ಹೋದ ಮೇಲೆ ನೋಡ್ತೀನಿ."

ಬೋರಜ್ಜಿ ತಡೆಯಲಿಲ್ಲ. ಮೊಮ್ಮಗಳು ಜಪ್ಪಯ್ಯ ಅಂದರೂ ನಿಲ್ಲುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೊದಲ ಬಾಗಿಲನ್ನು ನವಿಲೊಂದು ಕಾಯುತ್ತಿತ್ತು. ಯಾವಳೋ ನಾಟ್ಯದವಳ ಹೆಗಲಿಂದ ಉದುರಿದ ನೀಲಿ ನವಿಲು ಅದು. "ತೋಳು ತೋರ್ಸು," ಅಂದಿತು. ಈರಿ ತೋರಿಸಿದಳು. ನವಿಲು ಗರಿ ಬಿಚ್ಚಿ ಬಿದ್ದು ಬಿದ್ದು ನಕ್ಕಿತು. "ಕುದುರೆಯಂತೆ! ಇದನ್ನ ಹೊತ್ಕೊಂಡು ಹೇಗೆ ಓಡಾಡ್ತೀಯೇ ಮಾರಾಯ್ತಿ?" ಎಂದಿತು. ಈರಿಗೆ ರೇಗಿತು. "ಯಾಕಾದ್ರೂ ಹಾಕಿಸ್ಕೊಂಡೆನೋ!" ಅಂದಳು. ಅವಳು ಬಾಗಿಲಿಗಾಗಿ ಹೇಳಲಿಲ್ಲ, ನಿಜವಾಗಿಯೇ ಹೇಳಿದಳು. ಬಾಗಿಲು ತೆರೆಯಿತು. ತೋಳಿನ ಕತ್ತೆಯ ಬಾಲ, ನಾಲ್ಕು ಕಾಲು ಮಾಸಿಹೋದವು.

ಎರಡನೆಯ ಬಾಗಿಲನ್ನು ಬಿಳಿ ಕುದುರೆಯೊಂದು ಕಾಯುತ್ತಿತ್ತು. ಈರಿ ಹತ್ತನೇ ವಯಸ್ಸಿನಲ್ಲಿ ಬೇಡಿದ ಕುದುರೆ ಹೇಗಿರಬೇಕಿತ್ತೋ ಹಾಗೇ ಇತ್ತು. ಚೂಪು ಕಿವಿ, ನುಣುಪು ಜೂಲು. ಅದು ನಗಲಿಲ್ಲ. ಮೆಲ್ಲಗೆ ಬಂದು ಅವಳ ಭುಜಕ್ಕೆ ಮೂತಿ ಒರೆಸಿ, "ನಿನ್ನ ತೋಳಿನ ಮೇಲೆ ನಾನಿರಬೇಕಿತ್ತಲ್ವಾ?" ಅಂದಿತು. ಈರಿಗೆ ಉದ್ದ ತೋಳಿನ ಕುಪ್ಪಸದಲ್ಲಿ ಬೆಂದ ಎಂಟು ಬೇಸಗೆ ಕಣ್ಣ ಮುಂದೆ ಬಂತು. "ಯಾಕಾದ್ರೂ ಹಾಕಿಸ್ಕೊಂಡೆನೋ," ಅಂದಳು. ಬಾಗಿಲು ತೆರೆಯಿತು. ಕತ್ತೆಯ ಬೆನ್ನು, ಹೊಟ್ಟೆ, ಕುತ್ತಿಗೆ ಮಾಸಿಹೋದವು. ಉಳಿದದ್ದು ಮುಖ ಮತ್ತು ಎರಡು ಉದ್ದ ಕಿವಿ.

ಮೂರನೆಯ ಬಾಗಿಲಲ್ಲಿ ಅಗುಳಿ ಹಿಡಿದು ನಿಂತಿದ್ದವಳು ತಾಯಕ್ಕ.

ಹೊಸದಾಗಿ ಬಂದವರಿಗೆ ಧವಳ ಕಲ್ಲು ಹೊರುವುದರ ಜೊತೆಗೆ ಮೂರನೆಯ ಬಾಗಿಲು ಕಾಯುವ ಕೆಲಸವನ್ನೂ ಕೊಡುತ್ತಿದ್ದ. ತಾಯಕ್ಕನ ಮುಖದಲ್ಲಿ ದುಃಖದ ಗೆರೆ ಒಂದೂ ಇರಲಿಲ್ಲ. ಸಂತೋಷದ್ದೂ ಇರಲಿಲ್ಲ.

"ಬುಟ್ಟಿ ಹೊರುವಾಗ ಸಿಕ್ಕಿದ್ಯಲ್ಲ, ನೀನಾ? ಬಾರವ್ವ," ಎಂದು ಅವಳು ಕರೆದಳು. "ಇನ್ನೊಂದ್ಸಲ ಹೇಳಿಬಿಡು. ನೋವೇನೂ ಆಗಲ್ಲ. ಆಮೇಲೂ ನೋವಾಗಲ್ಲ. ಎಲ್ಲಿ, ಏನದು ನೋಡೋಣ."

ಈರಿ ಕುಪ್ಪಸದ ತೋಳು ಮಡಚಿದಳು. ತಾಯಕ್ಕ ಬಗ್ಗಿ ನೋಡಿದಳು. ಉದ್ದ ಕಿವಿಗಳನ್ನು ನೋಡಿದಳು. ಇನ್ನಷ್ಟು ಬಗ್ಗಿದಳು. ಅವಳ ಮೂಗು ತಾನಾಗಿ ಮೇಲೆದ್ದಿತು, ಕಣ್ಣು ಮೆಳ್ಳೆಯಾಯಿತು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಈರಿ ಆ ಮುಖವನ್ನು ನೋಡಿದಳು. ಎಂಟು ವರ್ಷ ಅವಳು ಕತ್ತೆಯನ್ನು ಬೈದಿದ್ದಳು. ಆ ಕಿವಿ ಯಾಕೆ ಉದ್ದವಾಯಿತೆಂದು ಒಂದು ದಿನವೂ ನೆನೆದಿರಲಿಲ್ಲ. ತಾನು ಅಳಬಾರದೆಂದು ಯಾರೋ ಒಬ್ಬರು ಅಜ್ಜಿಯ ಬೆನ್ನ ಹಿಂದೆ ನಿಂತು ಮಂಗನಾಗಿದ್ದರು. ಅದು ಹಚ್ಚೆಯಾಗಿ ತೋಳಿಗೆ ಇಳಿದಿತ್ತು. ಇಷ್ಟು ವರ್ಷ ಅವಳು ಮುಚ್ಚಿಟ್ಟದ್ದು ಅದನ್ನೇ.

"ನಾನು ಹೇಳಲ್ಲ," ಅಂದಳು ಈರಿ. "ಇದು ನನ್ನ ಕತ್ತೆ. ಈ ಕಿವಿ ಉದ್ದ ಮಾಡಿದೋಳು ನೀನೇ ಕಣಕ್ಕ. ನಂಗೆ ಇದು ಬೇಕು."

ಹೇಳಿದ್ದೇ ತಡ, ಮಾಸಿದ ಬಾಲ, ಕಾಲು, ಹೊಟ್ಟೆ ಎಲ್ಲ ಮತ್ತೆ ನೀಲಿಯಾಗಿ ಮೂಡಿದವು. ಕತ್ತೆ ತೋಳಿನಿಂದ ಕೆಳಗಿಳಿದು, ಮೈ ಒದರಿ, ಬೆಟ್ಟವೇ ನಡುಗುವಂತೆ ಅರಚಿತು. ತಾಯಕ್ಕನಿಗೆ ನಗು ಒತ್ತರಿಸಿಕೊಂಡು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವವರ ಕೈಯಲ್ಲಿ ಅಗುಳಿ ಎಲ್ಲಿ ನಿಲ್ಲುತ್ತದೆ? ಅದು ಠಣಾರೆಂದು ನೆಲಕ್ಕೆ ಬಿತ್ತು. ಆ ಮಾತನ್ನಾಡದೆ ಮೂರನೆಯ ಬಾಗಿಲು ತೆರೆದದ್ದು ಅದೇ ಮೊದಲು.

ಮುಂದೆ ಹಸಿ ಸುಣ್ಣ ಬಳಿದ ನೂರು ಮೆಟ್ಟಿಲು. ಕುದುರೆಯಾಗಿದ್ದರೆ ಮೊದಲ ಮೆಟ್ಟಿಲಲ್ಲೇ ಜಾರಿ ಕಾಲು ಮುರಿದುಕೊಳ್ಳುತ್ತಿತ್ತು. ಕತ್ತೆ ಒಂದೊಂದೇ ಗೊರಸು ಊರಿ, ಈರಿಯನ್ನು ಹೊತ್ತು ಮೇಲೇರಿ, ಮತ್ತೆ ಅವಳ ತೋಳಿಗೇ ಹತ್ತಿ ಕೂತಿತು.

ಮೇಲೆ ಧವಳ ಗಂಜಿಯ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದ. ಬಾಗಿಲು ಕಾಯುವವನ್ನು ಬಿಟ್ಟು ಉಳಿದ ಕದ್ದ ಹಚ್ಚೆಗಳನ್ನೆಲ್ಲ ಅವನು ತನ್ನ ಮೈಗೆ ಅಂಟಿಸಿಕೊಂಡಿದ್ದ. ಅವೇ ಅವನ ಬಲ. ಆದರೆ ಗಂಜಿಯ ಅಂಟು ಎಷ್ಟು ಹೊತ್ತು ನಿಂತೀತು? ಅರಸನ ಹುಲಿ ಜಾರಿ ಮೊಣಕಾಲಿಗೆ ಬಂದಿತ್ತು. ಚಿನ್ನಪ್ಪ ಹಿಮ್ಮಡಿಯಲ್ಲಿದ್ದ. ಗುಬ್ಬಿ ಕಿವಿಯ ಹಿಂದೆ ಅರ್ಧ ಕಿತ್ತು ನೇತಾಡುತ್ತಿತ್ತು.

"ಯಾರು ನೀನು? ತೋಳಿನ ಹಚ್ಚೆ ಇಟ್ಕೊಂಡೇ ಬಂದ್ಯಾ?" ಎಂದು ಧವಳ ಗುಡುಗಿದ. ಮೊಣಕಾಲಿನ ಹುಲಿ ಎದ್ದು ಈರಿಯ ಮುಖದ ಹತ್ತಿರ ಹಲ್ಲು ತೋರಿಸಿತು.

ಈರಿ ಹೆದರಿದಳು. ಹೆದರಿಕೊಂಡೇ ಸೂಜಿಕಟ್ಟು ಬಿಚ್ಚಿದಳು. "ನಾನು ಹಚ್ಚೆ ಹಾಕೋಳು ಸ್ವಾಮಿ. ದಿನಾ ಗಂಜಿ ಬಳಿದು ಎಷ್ಟು ಅಂತ ಒದ್ದಾಡ್ತೀರಾ? ಸೂಜಿಯಿಂದ ಕೂರಿಸಿದ್ರೆ ಸಾಯೋವರೆಗೂ ಅಲ್ಲಾಡಲ್ಲ."

ಧವಳನ ಕಣ್ಣು ಅರಳಿತು. "ಕೂರ್ಸು," ಅಂದ.

"ನಮ್ಮಲ್ಲಿ ಮೂರು ಸಲ ಕೇಳೋ ಪದ್ಧತಿ. ಹಾಕ್ಲಾ?"

"ಹಾಕು."

"ನೋವಾಗುತ್ತೆ. ಹಾಕ್ಲಾ?"

"ಹಾಕು ಅಂದ್ನಲ್ಲ!"

"ಆಮೇಲೆ ನನ್ನನ್ನ ಅನ್ನಬಾರ್ದು. ಹಾಕ್ಲಾ?"

"ಹಾಕೇ!"

ಇಷ್ಟು ಹಚ್ಚೆ ಹೊತ್ತವನಿಗೆ ಸೂಜಿಯ ರುಚಿಯೇ ಗೊತ್ತಿರಲಿಲ್ಲ. ಬೇರೆಯವರು ಹಲ್ಲುಕಚ್ಚಿ ಸಹಿಸಿದ್ದನ್ನು ಅವನು ಗಂಜಿಯಿಂದ ಅಂಟಿಸಿಕೊಂಡಿದ್ದ. ಈರಿ ಹುಲಿಯ ಬಾಲವನ್ನು ಅವನ ಎದೆಗೆ ಇಟ್ಟು ಚುಚ್ಚಿದಳು.

"ಅಯ್ಯಯ್ಯೋ! ಯಾಕಾದ್ರೂ ಹಾಕಿಸ್ಕೊಂಡೆನೋ!"

ಈರಿ ಸೂಜಿ ಎತ್ತಿದಳು. "ಬಿಡ್ಲಾ ಸ್ವಾಮಿ?"

"ಬಿಡ್ಬೇಡ. ಹಾಕು." ಮಾಂತ್ರಿಕನಿಗೆ ಆಸೆ ದೊಡ್ಡದು.

ಈರಿ ಒಂದು ಮೀನಿನ ರೆಕ್ಕೆಯನ್ನು ಪಕ್ಕೆಲುಬಿಗೆ ಇಟ್ಟು ಚುಚ್ಚಿದಳು.

"ಅಮ್ಮಾ! ಯಾಕಾದ್ರೂ ಹಾಕಿಸ್ಕೊಂಡೆನೋ!"

"ಎರಡು ಸಲ ಅಂದ್ರಿ ಸ್ವಾಮಿ. ನಿಮ್ಮ ಬೆಟ್ಟದ ನಿಯಮ ನಿಮಗೆ ನೆನಪಿರ್ಬೇಕು. ಬಿಡ್ಲಾ?"

ಧವಳನ ಮುಖ ಇನ್ನಷ್ಟು ಬೆಳ್ಳಗಾಯಿತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹಾಕು ಎಂದು ತಲೆ ಆಡಿಸಿದ. ಈರಿ ಗುಬ್ಬಿಯನ್ನು ಮೆತ್ತಗೆ ಬಿಡಿಸಿ ತಂದು, ಮೊಣಕೈಯ ಮೂಳೆಯ ಮೇಲಿಟ್ಟಳು. ಆ ಜಾಗದಲ್ಲಿ ಹಾಕಿಸಿಕೊಳ್ಳಲು ಪೈಲ್ವಾನರೂ ಒಪ್ಪುತ್ತಿರಲಿಲ್ಲ. ಸೂಜಿ ಇಳಿಯಿತು. ಧವಳನ ಕೈ ಬಾಯಿಂದ ಹಾರಿತು.

"ಯಾಕಾದ್ರೂ ಹಾಕಿಸ್ಕೊಂಡೆನೋ!"

ಮೂರನೆಯ ಸಲ. ಅವನು ಮಾಡಿದ ಮಾಯೆ ಅವನನ್ನೇನೂ ಬೇರೆ ಎಂದು ನೋಡಲಿಲ್ಲ. ಮೈಮೇಲಿದ್ದ ಎಲ್ಲವೂ ಉದುರಿತು. ಹುಲಿ ಗರ್ಜಿಸಿ ಅರಮನೆಯ ಕಡೆ ಹಾರಿತು, ಬಾಗಿಲ ನವಿಲು ನಾಟ್ಯದವಳ ಹೆಗಲು ಹುಡುಕಿಕೊಂಡು ಹೋಯಿತು, ಮೀನುಗಳು ಗಾಳಿಯಲ್ಲೇ ಈಜಿದವು. ಬೋಳು ಮೈಯ ಧವಳನಿಗೆ ಮಂತ್ರವೂ ನೆನಪಿಲ್ಲ, ಹೆಸರೂ ನೆನಪಿಲ್ಲ. ಅವನು ಬೆಟ್ಟ ಇಳಿದು, ಮುಂದೆ ಮನೆಮನೆಗೆ ಸುಣ್ಣ ಬಳಿಯುವವನಾಗಿ ಬದುಕಿದ. ಚೆನ್ನಾಗಿ ಬಳಿಯುತ್ತಿದ್ದನಂತೆ.

ಈರಿ ಮೂರನೆಯ ಬಾಗಿಲಿಗೆ ಓಡಿಬಂದಾಗ ಗುಬ್ಬಿ ಆಗಲೇ ತಾಯಕ್ಕನ ಕೈಮೇಲೆ ಕೂತಿತ್ತು. "ಈರೀ!" ಎಂದು ತಾಯಕ್ಕ ಅವಳನ್ನು ಎದೆಗೆ ಒತ್ತಿಕೊಂಡಳು. ಇಬ್ಬರೂ ಮನಸಾರೆ ಅತ್ತರು. ಅತ್ತು ಮುಗಿದ ಮೇಲೆ ತಾಯಕ್ಕ ಕೈ ನೋಡಿಕೊಂಡಳು. ಗುಬ್ಬಿಯ ಮೇಲುಗಡೆ ಚಿನ್ನಪ್ಪನೂ ವಾಪಸು ಬಂದಿದ್ದ.

"ಇವನೂ ಬಂದ್ನಾ," ಅಂದಳು ಅವಳು. "ಗುಬ್ಬಿ ಬೇಕು ಅಂದ್ರೆ ಇವನನ್ನೂ ಹೊರಬೇಕಾ ಈರಿ? ಇದಕ್ಕೆ ಮಾತ್ರ ನಂಗೆ ನಿಜವಾಗ್ಲೂ ಪಶ್ಚಾತ್ತಾಪ ಇದೆ ಕಣೇ."

"ಇರಲಿ ಬಿಡಕ್ಕ, ಇರೋದನ್ನ ಇಲ್ಲ ಅನ್ನೋಕಾಗುತ್ತಾ?" ಎಂದು ಈರಿ ಅವಳ ಕಣ್ಣೊರೆಸಿದಳು. "ಕೆರೆದು ತೆಗೆಯೋದು ಬೇಡ. ಅದರ ಮೇಲೇ ಒಂದು ಬಳ್ಳಿ ಹಬ್ಬಿಸ್ತೀನಿ. ಅಡಿಯಲ್ಲಿ ಅವನಿರ್ತಾನೆ, ನೋಡೋರಿಗೆ ಬಳ್ಳಿ ಕಾಣುತ್ತೆ."

ತೋಳು ಮಡಚಿ, ಕತ್ತೆಯನ್ನು ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಬಿಟ್ಟು, ಈರಿ ಅಲ್ಲೇ ಬಾಗಿಲ ಕಟ್ಟೆಯ ಮೇಲೆ ಕೂತಳು. ಕಲ್ಲು ಕುಟ್ಟುವುದನ್ನು ಬಿಟ್ಟು ಮನೆಗೆ ಹೊರಟ ಜನ ಸುತ್ತ ನಿಂತು ನೋಡಿದರು.

"ಹಾಕ್ಲಾ?" ಎಂದು ಈರಿ ಕೇಳಿದಳು.

"ಹಾಕು."

"ಹಾಕ್ಲಾ?"

ತಾಯಕ್ಕ ಚಿನ್ನಪ್ಪನ ಹೆಸರಿನ ಮೇಲೆ ಬೆರಳಾಡಿಸಿದಳು. ಈರಿ ಸೂಜಿ ಕೆಳಗಿಟ್ಟಳು. "ತಡವರಿಸಿದ್ಯಲ್ಲಕ್ಕ. ಅಜ್ಜಿ ಪದ್ಧತಿ. ನಾಳೆ ಕೇಳ್ತೀನಿ."

ಮರುದಿನವೂ ತಾಯಕ್ಕ ತಡವರಿಸಿದಳು. ಅದರ ಮರುದಿನವೂ ಅಷ್ಟೆ. ನಾಲ್ಕನೆಯ ದಿನ ಬೋರಜ್ಜಿಯ ಮನೆಯ ಅಂಗಳದಲ್ಲಿ ಅವಳು ಮೂರು ಸಲವೂ ಗಟ್ಟಿಯಾಗಿ "ಹಾಕು" ಅಂದಳು. ಅಷ್ಟರಲ್ಲಿ ಅರಸ ಚಿಟ್ಟೆ ಬಿಟ್ಟು ಸಿಂಹಾಸನ ಏರಿದ್ದ. ಊದಿಕೊಂಡ ಹುಲಿಯನ್ನು ಎಲ್ಲರಿಗೂ ತೋರಿಸುತ್ತಾ ಓಡಾಡುತ್ತಿದ್ದ. ಊರೆಲ್ಲ ನೆಮ್ಮದಿಯಾಗಿತ್ತು.

ಬಳ್ಳಿ ಚಿನ್ನಪ್ಪನ ಹೆಸರಿನ ಮೇಲೆ ಹಬ್ಬಿ, ಗುಬ್ಬಿಯ ಕಡೆಗೆ ಇಳಿಯಿತು. ಕೊನೆಯ ಎಲೆ ಒಂದು ಉಳಿದಿತ್ತು. ತಾಯಕ್ಕನ ಕಣ್ಣಲ್ಲಿ ನೀರಿತ್ತು. ಆದರೂ ಅವಳು ಮೂಗನ್ನು ಮೇಲೆತ್ತಿ, ಕಣ್ಣು ಮೆಳ್ಳೆ ಮಾಡಿ, ತಂಗಿಗೆ ನಾಲಿಗೆ ಚಾಚಿದಳು. ಈರಿ ಕಿಸಕ್ಕನೆ ನಕ್ಕಳು. ಸೂಜಿ ಜಾರಿತು.

ಆ ಎಲೆ ಕತ್ತೆಯ ಕಿವಿಯಷ್ಟು ಉದ್ದವಾಯಿತು. ತಾಯಕ್ಕ ಬದುಕಿರುವವರೆಗೂ ಅದನ್ನು ಮುಚ್ಚಲಿಲ್ಲ.