ಗಾಜಿನ ಪೆಟ್ಟಿಗೆಯ ಕೆಂಪು ಉಣ್ಣೆಯಂಗಿ

ಬಾವುಟ ಸರಿಸಿದಾಗ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು.

ಅಂದು ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ರೌತನಿಯೆಮಿ ಐಸ್ ಹಾಕಿ ಕ್ಲಬ್ಬಿಗೆ ಮರುದಿನ ಎಪ್ಪತ್ತು ವರ್ಷ ತುಂಬುವುದಿತ್ತು. ಹೆಪ್ಪುಗಟ್ಟಿದ ಸರೋವರದ ಮೇಲೆ ಆಡಿದ ಮೊದಲ ಪಂದ್ಯಕ್ಕೆಂದು ಹೆಲ್ವಿ ತನ್ನ ಗಂಡನಿಗೆ ಹೆಣೆದುಕೊಟ್ಟ ಕೆಂಪು ಉಣ್ಣೆಯಂಗಿ ಆ ಪೆಟ್ಟಿಗೆಯಲ್ಲಿರಬೇಕಿತ್ತು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ತೊಂಬತ್ತೊಂದು ವರ್ಷದ ಹೆಲ್ವಿ ಅಜ್ಜಿ ಅದನ್ನು ನೋಡಲೆಂದೇ ನಾಳೆ ಬರುವವಳಿದ್ದಳು. ಎಲ್ಲರೆದುರು ತೆರೆದು ತೋರಿಸಬೇಕೆಂದು ಸೋಮವಾರವೇ ಪೆಟ್ಟಿಗೆಗೆ ಬಾವುಟ ಹೊದಿಸಿದ್ದರು. ಹಾಗಾಗಿ ಅಂಗಿ ಯಾವಾಗ ಮಾಯವಾಯಿತೋ ಯಾರಿಗೂ ತಿಳಿಯದು.

"ಬೀಗ ಸರಿಯಾಗೇ ಇದೆ," ಎಂದ ಅಧ್ಯಕ್ಷ ರೇಯೊ. ಪೆಟ್ಟಿಗೆಯ ಪಕ್ಕದಲ್ಲಿಡಲು ತಂದಿದ್ದ ಹೂಕುಂಡವನ್ನು ಅವನು ನೆಲಕ್ಕಿಟ್ಟ. "ಕೀಲಿ ತೂಗುಹಾಕಿರೋದು ಸಾಮಾನು ಕೋಣೇಲಿ. ಅಲ್ಲಿಗೆ ಹೋಗೋರು ಓಸ್ಮೊ, ಬಿಟ್ರೆ ಮಕ್ಕಳು. ಎಲ್ಲರೂ ಚೀಲ ಬಿಚ್ಚಿ!"

ಕ್ಯಾಂಟೀನಿನ ಕಟ್ಟೆಯ ಹಿಂದೆ ಏಲಕ್ಕಿ ಬನ್ನುಗಳನ್ನು ಜೋಡಿಸುತ್ತಿದ್ದ ಸೈಮಿ ಕೈ ನಿಲ್ಲಿಸಿದಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ ಹುಡುಗಿ ಅವಳು. ಆದರೆ ಅವಳ ಕಣ್ಣು ತಪ್ಪಿಸಿ ಆ ಐಸ್ ಹಾಲ್‌ನಲ್ಲಿ ಏನೂ ನಡೆಯುತ್ತಿರಲಿಲ್ಲ.

ನಾಲ್ಕನೆಯ ಚೀಲ ಈನೆಸ್‌ಳದು. ಹದಿಮೂರು ವರ್ಷದ ಅವಳು ಕಿರಿಯರ ತಂಡದ ಗೋಲ್‌ಕೀಪರ್. ಆಟದಲ್ಲಿ ಕತ್ತು ಕಾಯುವ ಅವಳ ಕುತ್ತಿಗೆಪಟ್ಟಿಯ ಒರಟು ವೆಲ್ಕ್ರೊ ಕೊಂಡಿಯಲ್ಲಿ ಮೂರು ಪುಟ್ಟ ಕೆಂಪು ಉಣ್ಣೆಯ ಉಂಡೆಗಳು ಸಿಕ್ಕಿಕೊಂಡಿದ್ದವು.

"ಇದೆಲ್ಲಿಂದ ಬಂತು?" ಎಂದ ರೇಯೊ.

"ಗೊತ್ತಿಲ್ಲ."

"ನಿನ್ನೆ ಬೆಳಿಗ್ಗೆ ಆರೂವರೆಗೆ ನೀನು ಒಳಗೆ ಹೋಗಿದ್ದನ್ನ ನಾನೇ ನೋಡಿದೀನಿ."

"ದಿನಾ ಹೋಗ್ತೀನಿ. ಶಾಲೆಗೆ ಮುಂಚೆ ಅಭ್ಯಾಸ ಮಾಡ್ತೀನಿ."

"ಅಲ್ಲಿ ಬೇರೆ ಯಾರನ್ನಾದರೂ ನೋಡಿದೆಯಾ?"

ಈನೆಸ್ ಡ್ರೆಸ್ಸಿಂಗ್ ರೂಮಿನ ಬಾಗಿಲ ಮೇಲಿನ ಬರಹದತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. 'ಒಳಗಿನ ಮಾತು ಒಳಗೇ ಇರಲಿ' ಎಂದು ಅಲ್ಲಿ ನೀಲಿ ಬಣ್ಣದಲ್ಲಿ ಬರೆದಿತ್ತು. ಕ್ಲಬ್ಬಿನ ಸಾಮಾನು ನೋಡಿಕೊಳ್ಳುವ ಓಸ್ಮೊ ಎಷ್ಟೋ ವರ್ಷಗಳ ಹಿಂದೆ ತನ್ನ ಕೈಯಾರೆ ಬರೆದದ್ದು ಅದು.

"ನಾನು ತಗೊಂಡಿಲ್ಲ," ಎಂದಷ್ಟೇ ಹೇಳಿದಳು.

"ಹಾಗಾದ್ರೆ ನಾಳೆ ನೀನು ಆಡಲ್ಲ. ಹನ್ನೆರಡು ಗಂಟೆ ಪಂದ್ಯದೊಳಗೆ ನಿಜ ಹೇಳದಿದ್ರೆ ಜಿಲ್ಲಾ ಶಿಬಿರದ ಪಟ್ಟಿಯಿಂದಲೂ ನಿನ್ನ ಹೆಸರು ತೆಗೀತೀನಿ."

ಬಾಗಿಲಲ್ಲಿ ನಿಂತಿದ್ದ ಓಸ್ಮೊ ಗಂಟಲು ಸರಿಮಾಡಿಕೊಂಡ. ಮೂವತ್ತೊಂದು ವರ್ಷಗಳಿಂದ ಮಕ್ಕಳ ಸ್ಕೇಟು ಹರಿತ ಮಾಡಿ, ಬಟ್ಟೆ ಒಗೆದು, ಮೂಗು ಒರೆಸಿದವನು. ಈನೆಸ್‌ಳ ಕಾಲಿನ ದಪ್ಪ ಪ್ಯಾಡುಗಳನ್ನು ಹುಡುಕಿ ತಂದುಕೊಟ್ಟವನೂ ಅವನೇ. ಪ್ರತಿ ಪಂದ್ಯಕ್ಕೂ ಅವುಗಳ ಹಿಂದಿನ ಪಟ್ಟಿ ಬಿಗಿಯುವವನೂ ಅವನೇ. ಅವನು ಕಟ್ಟದಿದ್ದರೆ ಗೋಲು ನುಗ್ಗುತ್ತದೆಂದು ಹುಡುಗಿಗೆ ಬಲವಾದ ನಂಬಿಕೆ.

"ರೇಯೊ, ಮಗು ಅಂಥದ್ದೆಲ್ಲ..." ಎಂದು ಶುರುಮಾಡಿದವನು ಮಾತು ಮುಗಿಸಲಿಲ್ಲ. ಒಳಗೆ ಹೊರಟುಹೋದ.

ಸಂಜೆ ಐದಕ್ಕೆ ಔನೆ ಮಂಜುಗಡ್ಡೆ ನಯಮಾಡುವ ಗಾಡಿ ನಿಲ್ಲಿಸಿ ಕಾಫಿಗೆ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಮಂಜುಗಡ್ಡೆಯ ಮೇಲಿನ ಗೆರೆ ನೋಡಿ ಯಾರ ಸ್ಕೇಟು ಮೊಂಡಾಗಿದೆ, ಯಾರ ಮೊಣಕಾಲು ನೋಯುತ್ತಿದೆ ಎಂದು ಹೇಳಬಲ್ಲವಳು. ಕಳೆದ ಚಳಿಗಾಲ ಕಾಣೆಯಾದ ಬೆಳ್ಳಿ ಕಪ್ಪನ್ನು ಕೋಚ್‌ನ ಸ್ವಂತ ಮನೆಯ ಅಟ್ಟದಿಂದ ಹುಡುಕಿ ಇಳಿಸಿದ್ದಳು. ಅಂದಿನಿಂದ ಹಾಲ್‌ನಲ್ಲಿ ಏನೇ ಕಳೆದರೂ ಜನ ಮೊದಲು ಔನೆಯನ್ನು ಹುಡುಕುತ್ತಿದ್ದರು. ಔನೆ ಸೈಮಿಯನ್ನು ಹುಡುಕುತ್ತಿದ್ದಳು.

"ಹೇಳಮ್ಮ. ಈ ವಾರ ಏನೇನು ಕಂಡೆ?"

"ಹೇಳೋವಂಥದ್ದು ಏನೂ ಇಲ್ಲ."

"ಹೇಳಬಾರದ್ದನ್ನೇ ಹೇಳು."

ಸೈಮಿ ಉತ್ತರಿಸುವ ಮೊದಲೇ ಹತ್ತು ವರ್ಷದ ಪುಟಾಣಿ ಆಟಗಾರರಿಬ್ಬರು ನೂಕಾಡುತ್ತ ಕಟ್ಟೆಯ ಬಳಿ ಬಂದರು.

"ಇವನ ಕಾಲು ನೋಡಿ, ಸ್ಟ್ರಾಬೆರಿ ಐಸ್‌ಕ್ರೀಮು!"

"ನಿನ್ನದೇನು ಕಮ್ಮಿನಾ? ಹಂದಿಮರಿ ಬಣ್ಣ!"

ಅವರು ಹಾಕಿಕೊಂಡಿದ್ದ ಬಿಳಿ ಕಾಲುಚೀಲಗಳಿಗೆ ನಸುಗೆಂಪು ಬಣ್ಣ ಹತ್ತಿತ್ತು. ಔನೆ ಕಾಫಿ ಲೋಟ ಕೆಳಗಿಟ್ಟಳು.

"ಇದು ಯಾವಾಗಿನಿಂದ ಹೀಗಾಯ್ತು?"

"ನಿನ್ನೆ ಸಂಜೆ ಓಸ್ಮೊ ಒಗೆದು ಕೊಟ್ಟಾಗಿಂದ," ಎಂದ ಒಬ್ಬ. "ಬಿಟ್ಟುಬಿಡಿ, ಹೋಗುತ್ತೆ ಅಂದ. ಯಾವತ್ತೂ ಜೋಕ್ ಮಾಡೋನು, ನಿನ್ನೆ ಮಾಡಲೇ ಇಲ್ಲ."

ಮಕ್ಕಳು ಹೋದ ಮೇಲೆ ಔನೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದಳು. ಈನೆಸ್‌ಳ ಕುತ್ತಿಗೆಪಟ್ಟಿಯ ಮೂರೂ ಉಂಡೆಗಳನ್ನು ರೇಯೊನಿಂದ ಕೇಳಿ ತಂದಿದ್ದಳು. ಸೈಮಿ ಒಂದನ್ನು ಬೆರಳ ನಡುವೆ ಹೊಸಕಿದಳು. ಅದು ಎಳೆಯಾಗಿ ಬಿಡಿಸಿಕೊಳ್ಳಲಿಲ್ಲ. ಕಲ್ಲಿನಂತೆ ಗಟ್ಟಿಯಾಗಿತ್ತು. ಅವಳು ತನ್ನ ಕಾಲಿನ ಕಂಬಳಿ ಚಪ್ಪಲಿಯನ್ನು ನೋಡಿಕೊಂಡಳು. ಅವಳ ಸ್ವಂತ ಅಜ್ಜಿ ಮಾಡಿಕೊಟ್ಟದ್ದು ಅದು, ಬಿಸಿನೀರಲ್ಲಿ ಉಣ್ಣೆ ತಿಕ್ಕಿ ತಿಕ್ಕಿ ಗಟ್ಟಿಮಾಡಿ.

"ಔನೆ," ಎಂದಳು ಮೆಲ್ಲಗೆ. "ನಂಗೆ ಇದು ಗೊತ್ತಾಗೋದೇ ಬೇಡವಾಗಿತ್ತು."

"ನಂಗೂ ಬೇಡವಾಗಿತ್ತು," ಎಂದಳು ಔನೆ. "ಆದ್ರೆ ಹುಡುಗಿ ಹೆಸರು ಶಿಬಿರದ ಪಟ್ಟೀಲಿ ಇರಬೇಕಲ್ಲ. ನಾಳೆ ನೀನೂ ಮಾತಾಡಬೇಕು."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಔನೆ ಎಲ್ಲರನ್ನೂ ಕ್ಯಾಂಟೀನಿಗೆ ಕರೆಸಿದಳು. ಹೆಲ್ವಿ ಅಜ್ಜಿ ಕಿಟಕಿಯ ಬಳಿ ಕೋಟು ತೆಗೆಯದೆ ಕೂತಿದ್ದಳು. ರೇಯೊ ಗಡಿಯಾರ ನೋಡಿಕೊಳ್ಳುತ್ತಿದ್ದ. ಈನೆಸ್ ಮೂಲೆಯ ಬೆಂಚಿನಲ್ಲಿದ್ದಳು. ಆಡಲು ಬಿಡುವುದಿಲ್ಲವೆಂದು ಗೊತ್ತಿದ್ದರೂ ಪ್ಯಾಡುಗಳನ್ನು ಕಾಲಿಗೆ ಹಾಕಿಕೊಂಡೇ ಬಂದಿದ್ದಳು. ಹಿಂದಿನ ಪಟ್ಟಿಗಳು ಬಿಚ್ಚಿ ನೇತಾಡುತ್ತಿದ್ದವು. ಓಸ್ಮೊ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

ಔನೆ ಮೇಜಿನ ಮೇಲೆ ಮೂರು ವಸ್ತು ಇಟ್ಟಳು. ನಸುಗೆಂಪು ಕಾಲುಚೀಲ, ಈನೆಸ್‌ಳ ಕುತ್ತಿಗೆಪಟ್ಟಿ, ಸೈಮಿಯ ಚಪ್ಪಲಿ.

"ಅಂಗಿ ಯಾವಾಗ ಹೋಯ್ತು ಅನ್ನೋದನ್ನ ಈ ಕಾಲುಚೀಲ ಹೇಳುತ್ತೆ," ಎಂದಳು. "ಬುಧವಾರ ಸಂಜೆ ಒಗೆಯೋಕೆ ಕೊಟ್ಟಾಗ ಇದು ಬಿಳಿ. ಗುರುವಾರ ಸಂಜೆ ಈ ಬಣ್ಣ. ಕ್ಲಬ್ಬಿನ ಈಗಿನ ಅಂಗಿಗಳೆಲ್ಲ ನೀಲಿ. ಕೆಂಪು ಬಣ್ಣ ಬಿಡೋ ಹಳೇ ಬಟ್ಟೆ ಈ ಹಾಲ್‌ನಲ್ಲಿ ಇದ್ದದ್ದು ಒಂದೇ."

"ಅಂದ್ರೆ ಈ ಹುಡುಗಿ ಅದನ್ನ ಒಗೆದಳು ಅಂತೀಯಾ?" ಎಂದು ರೇಯೊ ನಕ್ಕ.

"ಕುತ್ತಿಗೆಪಟ್ಟಿ ವಿಷಯ ಸೈಮಿ ಹೇಳ್ತಾಳೆ."

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಸೈಮಿ ಈನೆಸ್‌ಳ ನೇತಾಡುವ ಪಟ್ಟಿಗಳನ್ನೇ ನೋಡುತ್ತ ಮಾತಾಡಿದಳು.

"ಒಣ ಅಂಗಿಗೆ ಕೊಂಡಿ ತಗುಲಿದ್ರೆ ಉದ್ದ ಎಳೆ ಬರುತ್ತೆ. ಇವು ಉಂಡೆ. ನನ್ನ ಚಪ್ಪಲಿ ಥರ ಗಟ್ಟಿ. ಬಿಸಿನೀರಲ್ಲಿ ಉರುಳಾಡಿದ್ರೆ ಮಾತ್ರ ಉಣ್ಣೆ ಹೀಗಾಗೋದು. ಕುತ್ತಿಗೆಪಟ್ಟಿಗಳನ್ನೂ ಬುಧವಾರವೇ ಒಗೆಯೋಕೆ ಕೊಡ್ತಾರೆ. ನಿನ್ನೆ... ನಿನ್ನೆ ನಾನು ಉಳಿದವರದ್ದೂ ನೋಡಿದೆ. ಐದರಲ್ಲಿ ಇದೇ ಉಣ್ಣೆ ಇದೆ. ಒಂದು ಸಿಕ್ಕಿದ ಮೇಲೆ ರೇಯೊ ಹುಡುಕೋದು ನಿಲ್ಲಿಸಿದ್ರು."

ರೇಯೊನ ಮುಖದ ನಗೆ ಆರಿತು.

"ಬಟ್ಟೆ ಒಗೆಯೋ ಯಂತ್ರ ಮುಟ್ಟೋಕೆ ಮಕ್ಕಳಿಗೆ ಅಪ್ಪಣೆ ಇಲ್ಲ," ಎಂದಳು ಔನೆ. "ಕೀಲಿ ಇರೋ ಕೋಣೆ, ಯಂತ್ರ ಇರೋ ಕೋಣೆ, ಎರಡೂ ಒಬ್ಬನ ಕೈಲೇ. ಇನ್ನು ಈನೆಸ್ ಯಾಕೆ ಬಾಯಿ ಬಿಡಲಿಲ್ಲ? ತನ್ನ ತಪ್ಪಾಗಿದ್ರೆ ಯಾರನ್ನೂ ನೋಡಲಿಲ್ಲ ಅಂತ ಸಲೀಸಾಗಿ ಸುಳ್ಳು ಹೇಳ್ತಿದ್ದಳು. ಅವಳು ಸುಳ್ಳೂ ಹೇಳಲಿಲ್ಲ, ನಿಜಾನೂ ಹೇಳಲಿಲ್ಲ. ಬಾಗಿಲ ಮೇಲಿನ ಬರಹ ನೋಡಿದಳು. ಯಾರನ್ನೋ ಕಾಪಾಡ್ತಾ ಇದ್ದಳು."

ಓಸ್ಮೊ ಒಳಗೆ ಹೋದ. ಒಣಗಿಸುವ ಕಪಾಟಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಅವನು ಹಿಂದಿರುಗಿದಾಗ ಕೈಯಲ್ಲೊಂದು ಎದೆಕವಚವಿತ್ತು. ಅದರ ಮೇಲೆ ಬಲವಂತವಾಗಿ ಹಿಗ್ಗಿಸಿ ಪಿನ್ನು ಚುಚ್ಚಿದ ಕೆಂಪು ಅಂಗಿ. ಆರು ವರ್ಷದ ಮಗುವಿಗೆ ಆಗುವಷ್ಟು ಕುಗ್ಗಿಹೋಗಿತ್ತು.

"ಧೂಳು ಹಿಡಿದಿತ್ತು," ಎಂದ. "ಹೆಲ್ವಿ ಬರ್ತಾರಲ್ಲ, ತಣ್ಣೀರಲ್ಲಿ ಕೈಲಿ ಒಗೆಯೋಣ ಅಂತ ಬುಟ್ಟೀಲಿ ಇಟ್ಟಿದ್ದೆ. ಗುರುವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕೈ ತಾನೇ ಎಲ್ಲ ಬಾಚಿ ಯಂತ್ರಕ್ಕೆ ತುಂಬಿತ್ತು. ಮೂವತ್ತೊಂದು ವರ್ಷದ ಅಭ್ಯಾಸ. ಯಂತ್ರದ ಬಾಗಿಲು ತೆಗೆದಾಗ ಈ ಹುಡುಗಿ ಹಿಂದೆ ನಿಂತಿದ್ದಳು."

ಹೆಲ್ವಿ ಅಜ್ಜಿ ಕೈ ಚಾಚಿದಳು. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ತೋಳನ್ನು ಎಳೆದು ನೋಡಿದಳು.

"ಇದು ಎರಡನೇದು," ಎಂದಳು. "ಮೊದಲ ಪಂದ್ಯದ್ದನ್ನ ನನ್ನ ಗಂಡನೇ ಸೌನಾ ಬಚ್ಚಲಿನ ಬಿಸಿನೀರ ಹಂಡೆಗೆ ಹಾಕಿ ಬೇಯಿಸಿಬಿಟ್ಟ. ಒಂದು ದಿನ ಬೈದೆ, ಮತ್ತೆ ಹೆಣೆದೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ." ಅವಳು ತಲೆ ಎತ್ತಿ ಓಸ್ಮೊನನ್ನು ನೋಡಿದಳು. "ಆದ್ರೆ ನನ್ನ ಗಂಡನ ತಪ್ಪಿಗೆ ಯಾವ ಮಗೂನೂ ಬೈಸಿಕೊಳ್ಳಲಿಲ್ಲ, ಕಣಪ್ಪಾ."

ರೇಯೊ ಈನೆಸ್‌ಳ ಮುಂದೆ ಬಂದು ನಿಂತ. "ನೀನು ಆಡ್ತೀಯ. ಶಿಬಿರಕ್ಕೂ ಹೋಗ್ತೀಯ. ನಾನು... ತಪ್ಪು ನನ್ನದು."

ಈನೆಸ್ ಅವನ ಕಡೆ ನೋಡಲೇ ಇಲ್ಲ.

"ಓಸ್ಮೊ," ಎಂದಳು. "ಒಳಗಿನ ಮಾತು ಒಳಗೇ ಇರಬೇಕು ಅಂತ ನಾನು ಸುಮ್ಮನಿದ್ದೆ. ನೀನು ಯಾಕೆ ಸುಮ್ಮನಿದ್ದೆ?"

ಓಸ್ಮೊ ಹಿಂದೆ ಸರಿದು ಮತ್ತೆ ಬಾಗಿಲ ಚೌಕಟ್ಟಿಗೆ ಒರಗಿದ.

ಹೊರಗೆ ಪಂದ್ಯಕ್ಕೆ ಬೆಂಚು ಜೋಡಿಸುವ ಸದ್ದು ಶುರುವಾಯಿತು. ಔನೆ ಗಾಡಿಯ ಕೀಲಿ ಎತ್ತಿಕೊಂಡು ಹೊರಟಳು. ಈನೆಸ್ ಎಡಗಾಲನ್ನು ಸೈಮಿಯತ್ತ ಚಾಚಿದಳು. ಸೈಮಿ ಮಂಡಿಯೂರಿ ಕೂತು ಪಟ್ಟಿ ಎಳೆದಳು. ಅವಳ ಬೆರಳುಗಳಿಗೆ ಅದು ಹೊಸದು.

"ಇನ್ನೊಂದು ತೂತಿಗೆ ಬಿಗಿ," ಎಂದಳು ಈನೆಸ್.

ಬಲಗಾಲು ಉಳಿದಿತ್ತು. ಸೈಮಿ ಅದಕ್ಕೂ ಕೈ ನೀಡಿದಳು. ಹುಡುಗಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡೇ ಅದನ್ನು ಬಾಗಿಲ ಕಡೆಗೆ, ಓಸ್ಮೊ ನಿಂತಿದ್ದ ಕಡೆಗೆ ಚಾಚಿದಳು.